ಚಪ್ಪಲಿ ಬಿಟ್ಟ ಬಾಗಿಲು

ನಾನು ಹಾಕುವ ದೀಪದ ಬೆಳಕಲ್ಲಿ ಯಾರೂ ಊಟ ಮಾಡುವುದಿಲ್ಲ, ಯಾರೂ ಓದುವುದಿಲ್ಲ. ಅದು ಅಲ್ಲಿ ಉರಿಯುತ್ತಿದೆ ಅನ್ನುವುದೇ ಮುಕ್ಕಾಲು ಜನಕ್ಕೆ ಗೊತ್ತಿಲ್ಲ. ದೊಡ್ಡ ಅಂಗಡಿ, ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್, ಲಾಡ್ಜು, ಇಂಥ ಕಡೆ ಬಾಗಿಲ ಮೇಲೆ ಓಡುತ್ತಿರುವ ಮನುಷ್ಯನ ಚಿತ್ರದ ಹಸಿರು ಬೋರ್ಡು ಇರುತ್ತದಲ್ಲ, ಆ ಎಕ್ಸಿಟ್ ಬೋರ್ಡು ಹಾಕುವವನು ನಾನು. ಕರೆಂಟು ಹೋದ ಕೂಡಲೇ ತಾನಾಗಿ ಹತ್ತಿಕೊಳ್ಳುವ ಎಮರ್ಜೆನ್ಸಿ ಲೈಟೂ ನನ್ನದೇ. ಕೊಳ್ಳೇಗಾಲ, ಹನೂರು, ಯಳಂದೂರು ಮೂರು ಊರಿನಲ್ಲೂ ಹಾಕಿದ್ದೇನೆ. ಹಾಕಿ ಬಂದರೆ ಮುಗಿಯಲಿಲ್ಲ, ತಿಂಗಳಿಗೊಮ್ಮೆ ಹೋಗಿ ಟೆಸ್ಟ್ ಗುಂಡಿ ಒತ್ತಿ ನೋಡಬೇಕು, ಆಗಾಗ ಮೇನ್ ಇಳಿಸಿ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ ಅಂತ ಕಾದು ಕೂರಬೇಕು. ನನ್ನ ಕಸುಬೆಲ್ಲ ಇಷ್ಟೇ.

ಹೇಳುವುದಕ್ಕೆ ಇಷ್ಟೇ, ಮಾಡಲು ಹೋದರೆ ತಲೆ ಕೆಡುತ್ತದೆ. ಯಳಂದೂರಿನ ಒಂದು ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಎಮರ್ಜೆನ್ಸಿ ಲೈಟಿನ ಪ್ಲಗ್ ಕಿತ್ತು ಫೋನ್ ಚಾರ್ಜಿಗೆ ಹಾಕಿರುತ್ತಾರೆ. ಹೋದಾಗಲೆಲ್ಲ ಹಾಗೇ. ಹನೂರಿನ ಮಂಟಪದಲ್ಲಿ ಡೆಕೋರೇಷನ್‌ನವರು ಬೋರ್ಡಿನ ಮೇಲೇ ಥರ್ಮೋಕೋಲ್ ಕಮಾನು ಬಡಿದು, ಅದರ ಮೇಲೆ ಗಂಡು ಹೆಣ್ಣಿನ ಹೆಸರು ಬರೆದಿರುತ್ತಾರೆ. ಸುಣ್ಣ ಬಣ್ಣ ಮಾಡುವವರು ಬೋರ್ಡಿಗೂ ಒಂದು ಕೈ ಬಳಿದಿರುತ್ತಾರೆ. ಕೇಳಿದರೆ, 'ಕರೆಂಟ್ ಓದ್ರೆ ಮೊಬೈಲ್ ಟಾರ್ಚ್ ಇಲ್ವಾ ಸಾ?' ಅನ್ನುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಹೊಗೆ ತುಂಬಿದಾಗ ಟಾರ್ಚು ಹಿಡಿದರೆ ಹೊಗೆಯೇ ಬೆಳ್ಳಗೆ ಕಾಣುತ್ತದೆ ಹೊರತು ದಾರಿ ಕಾಣುವುದಿಲ್ಲ ಕಣ್ರಯ್ಯಾ ಅಂತ ಕೂಗಾಡಿ ಬರುತ್ತೇನೆ. ಮುಂದಿನ ತಿಂಗಳು ಹೋದರೆ ಮತ್ತೆ ಫೋನು ಚಾರ್ಜಿಗೆ ನೇತಾಡುತ್ತಿರುತ್ತದೆ.

ಇವೆಲ್ಲ ಊರ ಉಸಾಬರಿ ಅಂತ ಕೈ ಕೊಡವಿಕೊಳ್ಳಬಹುದಿತ್ತು. ಆದರೆ ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಯ ಮಾತು ಹಾಗಲ್ಲ. ಮೂರಂತಸ್ತಿನ ಆ ಅಂಗಡಿಯ ತೀರಾ ಮೇಲಿನ ಮಹಡಿಯಲ್ಲಿ, ಧಾರೆ ಸೀರೆ ತೋರಿಸುವ ಜಾಗದಲ್ಲಿ ಕೆಲಸಕ್ಕಿರುವವಳು ನನ್ನ ಹೆಂಡತಿ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿನವರೆಗೂ ಅಲ್ಲೇ. ಸುತ್ತ ಗೋಡೆ ತುಂಬ ರೇಷ್ಮೆ, ಪೆಟ್ಟಿಗೆ, ಕಾಗದ, ಪ್ಲಾಸ್ಟಿಕ್ಕು. ಒಂದು ಕಿಡಿ ಸಾಕು. ಕೆಳಗಿಳಿಯಲು ಮುಂದೊಂದು ಮೆಟ್ಟಿಲು, ಹಿಂದೊಂದು ಮೆಟ್ಟಿಲು. ಮುಂದಿನ ಮೆಟ್ಟಿಲ ಬುಡದಲ್ಲೇ ಮೀಟರ್ ಬೋರ್ಡು, ಸ್ಟೆಬಿಲೈಸರು ಎಲ್ಲ ಇವೆ. ಅಲ್ಲೇ ಏನಾದರೂ ಹೊತ್ತಿಕೊಂಡರೆ ಅವಳು ಬದುಕಿ ಬರಬೇಕಾದ್ದು ಹಿಂದಿನ ಮೆಟ್ಟಿಲಿಂದಲೇ. ಹಿಂದಿನ ಮೆಟ್ಟಿಲ ತುಂಬ ಖಾಲಿ ಸೀರೆ ಪೆಟ್ಟಿಗೆ ಒಟ್ಟಿದ್ದರು. ಕೆಳಗಿನ ಬಾಗಿಲಿಗೆ ಬೀಗ ಬೇರೆ.

ಒಂದು ಸಲ ಹೋದಾಗ, ಮೇಲಿನ ಮಹಡಿಯಿಂದ ಆ ಮೆಟ್ಟಿಲಿಗೆ ಇಳಿಯುವ ಬಾಗಿಲ ಮೇಲಿನ ಹಸಿರು ಬೋರ್ಡಿಗೆ ರವಿಕೆ ಬಟ್ಟೆ ಸುತ್ತಿದ್ದರು. ಅಂಗಡಿಯ ಸಾವ್ಕಾರರನ್ನು ಕೇಳಿದೆ.

'ನೋಡಪ್ಪಾ, ನಿನ್ನ ಅಸುರು ದೀಪ ಸೀರೆ ಮ್ಯಾಲೆ ಬಿದ್ದು ಅರಿಶಿನದ ಸೀರೆ ಗಿಣಿ ಬಣ್ಣ ಕಾಣ್ತದೆ,' ಅಂದರು. 'ಹೆಣ್ಣಿನ ಕಡೆಯೋರು ಸೀರೆ ಕೆಳಕ್ಕಾಕಿ ಎದ್ದೋದ್ರು. ಲಗ್ನದ ಯಾಪಾರ. ನಾನೇನು ಮಾಡ್ಲಿ?'

ಸುಳ್ಳಲ್ಲ. ಬಿಳಿ ಬಟ್ಟೆ ಹಾಸಿದ ಗಾದಿಯ ಮೇಲೆ ಸೆರಗು ಹರಡಿದಾಗ ಆ ಹಸಿರು ಜರಿಯ ಮೇಲೆಲ್ಲ ಕೂರುತ್ತಿತ್ತು. ರೇಷ್ಮೆ ಊರಿನಲ್ಲಿ ಬಣ್ಣದ ಮಾತಿಗೆ ಎದುರು ಮಾತಿಲ್ಲ. ಆದರೆ ನನಗೆ ಆಗ ಕಂಡದ್ದು ಬಣ್ಣವಲ್ಲ, ಮೆಟ್ಟಿಲ ಮೇಲಿನ ಪೆಟ್ಟಿಗೆಗಳು. ಗಿರಾಕಿಗಳ ಮುಂದೆಯೇ ಕೂಗಾಡಿದೆ. 'ಸೀರೆ ಬಣ್ಣ ಕೆಡ್ತದೆ ಅಂತೀರಿ, ಜನ ಸುಟ್ಟು ಕರಕಲಾದ್ರೆ ಅದ್ಯಾವ ಬಣ್ಣ ಸಾ?' ಅಂದೆ. ಆಡಬಾರದ ಮಾತು, ಅದೂ ಧಾರೆ ಸೀರೆ ತೆಗೆಯಲು ಬಂದವರ ಎದುರು. ಒಬ್ಬ ಅಜ್ಜಿ ಕಿವಿ ಮುಚ್ಚಿಕೊಂಡು 'ಬುಡ್ತು ಅನ್ನಪ್ಪಾ' ಅಂದರು. ನನ್ನ ಹೆಂಡತಿ ಸೀರೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಮುದ್ದೆ ಬಡಿಸುತ್ತ ಅಂದಳು: 'ಅವ್ರಿಗೆ ಲೈಸೆನ್ಸ್ ಬೇಕು, ನಿಮ್ಗೆ ಬಾಗ್ಲು ಬೇಕು. ಜಗಳ ಯಾಕ್ರಿ? ಬೋರ್ಡು ಅಲ್ಲೇ ಇರ್ಲಿ, ಗಾದಿ ಆ ಕಡೀಕೆ ಜರುಗ್ಸುದ್ರೆ ಆಗಕಿಲ್ವಾ?'

ಆಯಿತು. ಗಾದಿಯನ್ನು ಕಿಟಕಿ ಮಗ್ಗುಲಿಗೆ ಸರಿಸಿದರು. ಅಲ್ಲಿ ಹಗಲಿನ ಬೆಳಕು ಬೇರೆ ಚೆನ್ನಾಗಿ ಬೀಳುತ್ತಿತ್ತು, ಸಾವ್ಕಾರರಿಗೂ ಖುಷಿ. ಬೋರ್ಡಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಅಗ್ನಿಶಾಮಕದವರು ಲೈಸೆನ್ಸಿಗೆ ಅಂತ ನೋಡಲು ಬರುವವರಿದ್ದರಿಂದ ಸಾವ್ಕಾರರು ಪೆಟ್ಟಿಗೆ ತೆಗೆಸಿದರು, ಬೀಗದ ಜಾಗಕ್ಕೆ ಒಳಗಿಂದ ತಳ್ಳಿದರೆ ತೆರೆಯುವ ಚಿಲಕ ಹಾಕಿಸಿದರು. ಅಗ್ನಿಶಾಮಕದವರು ಬಂದು ನೋಡಿ ಹೋದರು. ನಾನು ಎದೆಯುಬ್ಬಿಸಿಕೊಂಡು ತಿರುಗಿದೆ.

ನನ್ನ ಗ್ರಹಚಾರಕ್ಕೆ ಒಂದು ರಿಹರ್ಸಲ್ ಮಾಡೋಣ ಅನ್ನಿಸಿತು. ಒಂದು ಬೆಳಿಗ್ಗೆ, ಗಿರಾಕಿ ಬರುವ ಮೊದಲು, ಎಲ್ಲ ಕೆಲಸದವರಿಗೂ ಹೇಳಿದೆ: ಮೇನ್ ಇಳಿಸುತ್ತೇನೆ, ಗಂಟೆ ಹೊಡೆಯುತ್ತೇನೆ, ಹಸಿರು ಬೋರ್ಡು ನೋಡಿಕೊಂಡು ಹಿಂದಿನ ಮೆಟ್ಟಿಲಿಂದ ಇಳಿಯಿರಿ. ಎಲ್ಲರೂ ಹೂಂ ಅಂದರು. ಮೇನ್ ಇಳಿಸಿದೆ. ಕಿಟಕಿಗಳ ಶಟರ್ ಎಳೆಸಿದ್ದರಿಂದ ಒಳಗೆಲ್ಲ ಕತ್ತಲು. ಎಮರ್ಜೆನ್ಸಿ ಲೈಟುಗಳು ಒಂದೂ ತಪ್ಪದೆ ಹತ್ತಿಕೊಂಡವು. ಬೋರ್ಡು ಹಸಿರಾಗಿ ಹೊಳೆಯುತ್ತಿತ್ತು. ನನ್ನ ಮಕ್ಕಳು ಪರೀಕ್ಷೆಯಲ್ಲಿ ಪಾಸಾದಾಗಲೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ. ಗಂಟೆ ಹೊಡೆದೆ.

ಹೆಂಗಸರೆಲ್ಲ ನಗುತ್ತ ಎದ್ದರು. ಬೋರ್ಡಿನ ಮುಂದೆಯೇ ಹಾದು, ನೆಟ್ಟಗೆ ಮುಂದಿನ ಮೆಟ್ಟಿಲ ಕಡೆ ಹೊರಟರು. ಒಬ್ಬರಲ್ಲ, ಎಲ್ಲರೂ. ಅವರ ನಡುವೆ ನನ್ನ ಹೆಂಡತಿಯೂ!

'ಎಲ್ಲಿಗಮ್ಮೀ ಓಯ್ತಿದ್ದೀಯೆ?' ಅಂತ ಅರಚಿದೆ.

'ಚಪ್ಪಲಿ ಮುಂದ್ಗಡೆ ಬುಟ್ಟಿದ್ದೀವಿ ಕಣ್ರಿ,' ಅಂದಳು, ಇದೇನು ಕೇಳುತ್ತೀರಿ ಅನ್ನುವ ಹಾಗೆ. 'ಮೆಟ್ಕಂಡು ಈಚೆಗೆ ಬತ್ತೀವಿ. ಬರಿಗಾಲಲ್ಲಿ ಬೀದೀಲಿ ನಿಂತ್ಕಳಕಾಯ್ತದಾ?'

ಸೀರೆ ಅಂಗಡಿ ಅಂದ ಮೇಲೆ ಚಪ್ಪಲಿ ಬಿಟ್ಟೇ ಒಳಗೆ ಬರಬೇಕು. ಮುಂಬಾಗಿಲ ಪಕ್ಕದಲ್ಲಿ ಚಪ್ಪಲಿ ಸ್ಟ್ಯಾಂಡು, ಕೆಲಸದವರದ್ದೂ ಅಲ್ಲೇ, ಗಿರಾಕಿಗಳದ್ದೂ ಅಲ್ಲೇ. ನಾನೂ ಹೋದಾಗಲೆಲ್ಲ ಅಲ್ಲೇ ಬಿಟ್ಟು ಒಳಗೆ ಹೋಗುವವನು. ಆದರೂ ನನ್ನ ತಲೆಗೆ ಹೊಳೆದಿರಲಿಲ್ಲ. ಹೊಳೆಯದ ಸಿಟ್ಟಿಗೆ ಎಲ್ಲರನ್ನೂ ಸೇರಿಸಿ ಬೈದೆ. ಪ್ರಾಣ ಮುಖ್ಯವೋ ಚಪ್ಪಲಿ ಮುಖ್ಯವೋ ಅಂತ ಭಾಷಣ ಬಿಗಿದೆ. ಅವರು ತಲೆ ತಗ್ಗಿಸಿ ಕೇಳಿದರು. ಮತ್ತೆ ಗಂಟೆ ಹೊಡೆದೆ. ಈ ಸಲ ಹಿಂದಿನ ಮೆಟ್ಟಿಲಿಳಿದು ಕೆಳಗಿನ ಬಾಗಿಲವರೆಗೂ ಬಂದು, ಹಿಂದಿನ ಓಣಿಯ ಮೋರಿ ನೋಡಿ, ಬರಿಗಾಲಲ್ಲಿ ಇಳಿಯಲಾಗದೆ ನಿಂತುಬಿಟ್ಟರು. ಬಾಗಿಲಲ್ಲೇ ಒಬ್ಬರ ಮೇಲೊಬ್ಬರು. ನಿಜವಾದ ಬೆಂಕಿಯಾಗಿದ್ದರೆ ತುಳಿದಾಟ ಅಲ್ಲೇ ಆಗುತ್ತಿತ್ತು.

ಅವತ್ತು ಸಂಜೆ ಅವಳು ಹೇಳಿದ ಮಾತು ನನಗೆ ನಾಟಿತು. 'ನೀವು ಬಯ್ದುದ್ದು ತಲೆಗೆ ಓಯ್ತು ಕಣ್ರಿ, ಕಾಲ್ಗೆ ಓಗ್ನಿಲ್ಲ. ಕಾಲು ಚಪ್ಪಲಿ ಬುಟ್ಟಿರೋ ಕಡೀಕೇ ತಿರುಗ್ತವೆ. ಬಯ್ದ್ರೆ ಅವಕ್ಕೆ ಕೇಳ್ತದಾ?'

ಅಲ್ಲಿಂದ ಮುಂದೆ ನಾನು ಎಲ್ಲಿಗೆ ಹೋದರೂ ಬೋರ್ಡಿಗಿಂತ ಮೊದಲು ಚಪ್ಪಲಿ ನೋಡತೊಡಗಿದೆ. ಯಳಂದೂರಿನ ಲ್ಯಾಬಿನಲ್ಲಿ, ಮೆಟ್ಟಿಲ ಬುಡದಲ್ಲಿ ಚಪ್ಪಲಿ ರಾಶಿ. ಹನೂರಿನ ಮಂಟಪದಲ್ಲಿ ಕೇಳುವುದೇ ಬೇಡ. ಕೌದಳ್ಳಿ ಕಡೆಯಿಂದ, ರಾಮಾಪುರ ಕಡೆಯಿಂದ ಮದುವೆಗೆ ಬಂದವರೆಲ್ಲ ಮಂಟಪದ ಹೆಬ್ಬಾಗಿಲ ಮುಂದೆಯೇ ಬಿಟ್ಟಿರುತ್ತಾರೆ. ಒಂದು ಸಲ ನಾನು ಅಲ್ಲಿದ್ದಾಗಲೇ ಊಟದ ಹೊತ್ತಿಗೆ ಕರೆಂಟು ಹೋಯಿತು, ಜನರೇಟರು ಮುನಿಸಿಕೊಂಡಿತು. ಊಟದ ಮನೆಗೆ ಬೇರೆಯೇ ಬಾಗಿಲುಂಟು, ಅದರ ಮೇಲೆ ನನ್ನ ಬೋರ್ಡು ಝಗಝಗ ಉರಿಯುತ್ತಿದೆ. ಒಬ್ಬನಾದರೂ ಅತ್ತ ಹೋಗಬೇಕಲ್ಲ! ಕೈ ತೊಳೆದವರು, ತೊಳೆಯದವರು ಎಲ್ಲ ಹೆಬ್ಬಾಗಿಲಿಗೇ ನುಗ್ಗಿ, 'ನಂದು ಎಡಗಾಲ್ದು ಸಿಕ್ತು, ಬಲಗಾಲ್ದು ಕಾಣೆ' ಅಂತ ಫೋನಿನ ಬೆಳಕಲ್ಲಿ ಹುಡುಕುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈ ದೀಪ ಎಲ್ಲಿ ಹಾಕಬೇಕು, ಎಷ್ಟು ಎತ್ತರಕ್ಕೆ ಹಾಕಬೇಕು, ಬಾಣ ಯಾವ ಕಡೆಗಿರಬೇಕು ಅನ್ನುವುದಕ್ಕೆಲ್ಲ ನಿಯಮ ಇದೆ. ನಾನು ಅದನ್ನು ಕಲಿತಿದ್ದೇನೆ, ಅದರ ಮೇಲೆ ನನಗೆ ಗೌರವವೂ ಇದೆ. ಆದರೆ ಆ ನಿಯಮದ ಚಿತ್ರದಲ್ಲಿ ಓಡುವ ಮನುಷ್ಯನ ಕಾಲಲ್ಲಿ ಏನಿದೆ ಅಂತ ಯಾರೂ ಕೇಳಿಲ್ಲ. ಅವನು ಬೂಟು ಹಾಕಿಕೊಂಡೇ ಒಳಗೆ ಬಂದವನಿರಬೇಕು. ನಮ್ಮ ಜನ ಒಳಗೆ ಬರುವಾಗಲೇ ಹೊರಗೆ ಹೋಗುವ ದಾರಿಯನ್ನು ತೀರ್ಮಾನಿಸಿ ಬರುತ್ತಾರೆ. ಚಪ್ಪಲಿ ಬಿಟ್ಟ ಬಾಗಿಲೇ ಅವರ ಬಾಗಿಲು. ಮಿಕ್ಕದ್ದೆಲ್ಲ ಅವರಿಗೆ ಗೋಡೆ ಇದ್ದ ಹಾಗೆ. ಇದನ್ನು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಚಪ್ಪಲಿ ಸ್ಟ್ಯಾಂಡನ್ನು ಹಿಂದಕ್ಕೆ ಹಾಕಿಸಿ ಅಂತ ಸಾವ್ಕಾರರ ಹತ್ತಿರ ಹೋದೆ. ಈ ಸಲ ಮೆತ್ತಗೆ ಮಾತಾಡಿದೆ, ಹೆಂಡತಿ ಕಣ್ಣಲ್ಲೇ ಗದರಿಸಿ ಕಳಿಸಿದ್ದಳು. ಅವರು ನಕ್ಕರು. 'ಗಿರಾಕೀನ ಮೋರಿ ಓಣಿಯಿಂದ ಕರ್ಕಂಬಾ ಅಂತೀಯಾ? ಅದಾಗಕಿಲ್ಲ ಕಣಪ್ಪ. ಬೇಕಾದ್ರೆ ಕೆಲ್ಸದೋರು ಅವ್ರವು ಅಲ್ಲಿ ಬುಟ್ಕಳ್ಳಿ, ನಂದೇನು ಅಡ್ಡಿಯಿಲ್ಲ,' ಅಂದರು. ನನಗೆ ಸಾಲದು ಅನ್ನಿಸಿತು. ಗೊಣಗುತ್ತ ಬಂದೆ.

ಆದರೆ ನನ್ನ ಹೆಂಡತಿಗೆ ಅಷ್ಟು ಸಾಕಾಗಿತ್ತು. ಮಾರನೆಯ ದಿನದಿಂದ ಅವಳೂ ಅವಳ ಜೊತೆಯವರೂ ಹಿಂದಿನ ಓಣಿಯಿಂದಲೇ ಅಂಗಡಿಗೆ ಹೋಗತೊಡಗಿದರು. ಸತ್ತೇಗಾಲದಿಂದ ಬಸ್ಸಿನಲ್ಲಿ ಬರುವವಳೊಬ್ಬಳು ಮೊದಮೊದಲು ಮೂಗು ಮುಚ್ಚಿಕೊಂಡು ಬೈದುಕೊಂಡಳಂತೆ. ಮೂಗು ಮುಚ್ಚಿಕೊಂಡು ಎಷ್ಟು ದಿನ ಓಡಾಡುವುದು? ಎಲ್ಲರೂ ಸೇರಿ ಬಾಗಿಲ ಮುಂದೆ ಗುಡಿಸಿದರು. ಪುರಸಭೆಯವರ ಬೆನ್ನು ಬಿದ್ದು ಮೋರಿಗೆ ಚಪ್ಪಡಿ ಮುಚ್ಚಿಸಿದರು. ದಿನಾ ನೀರು ಹಾಕಿದರು. ನೀರು ಹಾಕಿದ ಮೇಲೆ ಹೆಂಗಸರ ಕೈ ಸುಮ್ಮನಿರುತ್ತದೆಯೇ, ರಂಗೋಲಿ ಎಳೆದರು. ಹೊಸ್ತಿಲಿಗೆ ಅರಿಶಿನ ಕುಂಕುಮ ಬಂತು. ಕೆಳಗಿನ ಬಾಗಿಲ ಒಳಗೆ, ಮೆಟ್ಟಿಲ ಒಂದು ಪಕ್ಕಕ್ಕೆ, ಚಪ್ಪಲಿ ಸಾಲು.

ಅದಾದ ಮೇಲೆ ಆ ಬಾಗಿಲಿಗೆ ಯಾರೂ ಪೆಟ್ಟಿಗೆ ಅಡ್ಡ ಇಡಲಿಲ್ಲ. 'ಇಲ್ಲಿ ಸಾಮಾನು ಇಡಬಾರದು' ಅಂತ ನಾನು ಅಂಟಿಸಿದ ಚೀಟಿಯನ್ನು ಕಿತ್ತು ಅದರ ಹಿಂಬದಿಗೆ ಲೆಕ್ಕ ಬರೆಯುತ್ತಿದ್ದವರು, ರಂಗೋಲಿಯ ಮೇಲೆ ಮಾತ್ರ ಪೆಟ್ಟಿಗೆ ಇಡಲು ಹೆದರಿದರು. ಹೊಸ್ತಿಲು ತುಳಿಯದೆ ದಾಟುತ್ತಿದ್ದರು. ಸಾವ್ಕಾರರೇ ಒಂದು ಶುಕ್ರವಾರ ಅಲ್ಲಿ ಊದುಬತ್ತಿ ಹಚ್ಚಿದರು ಅಂತ ಕೇಳಿ ನನಗೆ ನಗು ಬಂತು. ಊದುಬತ್ತಿ ಸ್ಟ್ಯಾಂಡು ಮೆಟ್ಟಿಲಿಂದ ದೂರ ಇಡಿ ಅಂತ ಮಾತ್ರ ಹೇಳಿ ಬಂದೆ.

ನನ್ನ ಎದೆಯ ಭಾರ ಅರ್ಧ ಇಳಿದಿತ್ತು. ಅರ್ಧ ಅಷ್ಟೇ. ಗಿರಾಕಿಗಳ ಚಪ್ಪಲಿ ಇನ್ನೂ ಮುಂದೆಯೇ ಇತ್ತಲ್ಲ, ಅವರೆಲ್ಲ ಮುಂದಕ್ಕೆ ನುಗ್ಗಿದರೆ ಇವಳನ್ನೂ ಎಳೆದುಕೊಂಡು ಹೋಗುವುದಿಲ್ಲ ಅಂತ ಏನು ಖಾತ್ರಿ ಅಂತ ಯೋಚನೆ ಹತ್ತಿತ್ತು.

ಲಗ್ನದ ತಿಂಗಳು. ಮಟಮಟ ಮಧ್ಯಾಹ್ನ. ನಾನು ಬಸ್ ಸ್ಟ್ಯಾಂಡಿನ ಹತ್ತಿರ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಊದಿಕೊಂಡ ಬ್ಯಾಟರಿಗಳನ್ನು ಬದಲಾಯಿಸಿಕೊಳ್ಳುತ್ತಿದ್ದೆ. ಯಾರೋ ಬಂದು ಸೀರೆ ಅಂಗಡಿಯಲ್ಲಿ ಹೊಗೆ ಬರುತ್ತಿದೆ ಅಂದರು. ಯಾವ ಅಂಗಡಿ ಅಂತ ನಾನು ಕೇಳಲಿಲ್ಲ. ಓಡಿದೆ.

ದೂರದಿಂದಲೇ ಕಂಡಿತು. ಮುಂಬಾಗಿಲಿಂದ ಕರಿ ಹೊಗೆ ಉರುಳಿ ಉರುಳಿ ಬರುತ್ತಿತ್ತು. ಸ್ಟೆಬಿಲೈಸರು ಹೊತ್ತಿಕೊಂಡಿತ್ತು, ನಾನು ಹೆದರಿದ್ದ ಜಾಗದಲ್ಲೇ. ಬೀದಿಯಲ್ಲಿ ಜನ ಕಿಕ್ಕಿರಿದು ಕೂಗುತ್ತಿದ್ದರು. ಕೆಳಗಿನ ಮಹಡಿಯ ಗಂಡಸರು ಕೆಮ್ಮುತ್ತ ನಿಂತಿದ್ದರು. ಅವಳು ಕಾಣಲಿಲ್ಲ. ಮೇಲಿನ ಮಹಡಿಯವರು ಒಬ್ಬರೂ ಕಾಣಲಿಲ್ಲ. 'ಮ್ಯಾಲಿನೋರು ಎಲ್ಲವ್ರೆ ಯೋಳ್ಲಾ?' ಅಂತ ಒಬ್ಬನ ಕೊರಳಪಟ್ಟಿ ಹಿಡಿದೆ. ಅವನು ಕೆಮ್ಮುತ್ತಲೇ ಇದ್ದ. ಅವನನ್ನು ನೂಕಿ ಒಳಗೆ ನುಗ್ಗಿದೆ.

ಊರಿಗೆಲ್ಲ ಹಿಂದಿನ ಬಾಗಿಲು ತೋರಿಸಿದವನು ಮುಂಬಾಗಿಲಿಗೆ ನುಗ್ಗಿದೆ. ಅಷ್ಟೇ ಅಲ್ಲ. ಹೇಳಿದರೆ ನಗುತ್ತೀರಿ, ನಗಿ. ಹೊಸ್ತಿಲ ಹತ್ತಿರ ನನ್ನ ಚಪ್ಪಲಿ ಬಿಟ್ಟು ನುಗ್ಗಿದೆ. ಬಿಟ್ಟದ್ದು ನನಗೆ ಗೊತ್ತೇ ಇಲ್ಲ, ಆಮೇಲೆ ನೋಡಿದವರು ಹೇಳಿದ್ದು. ಹೊಗೆಯಲ್ಲಿ ಮೆಟ್ಟಿಲು ತಡಕಿ ಹತ್ತಿದೆ. ಕಣ್ಣು ಉರಿದು ಮುಚ್ಚಿಹೋಯಿತು. 'ಅಮ್ಮೀ, ಅಮ್ಮೀ' ಅಂತ ಕೂಗಿದರೆ ಬಾಯಿ ತುಂಬ ಹೊಗೆ. ಅವಳು ಸತ್ತಿದ್ದಾಳೆ ಅಂತ ನನಗೆ ಖಂಡಿತವಾಗಿಬಿಟ್ಟಿತ್ತು. ಯಾರೋ ಹಿಂದಿನಿಂದ ಷರಟು ಹಿಡಿದು ಎಳೆದರು. ನಾನು ಒದ್ದೆ. ಅವರು ಬಿಡಲಿಲ್ಲ. ದರದರ ಎಳೆದು ಬೀದಿಗೆ ತಂದು ಹಾಕಿದರು.

ಬೀದಿಯಲ್ಲಿ ಬಿದ್ದುಕೊಂಡು ಕೆಮ್ಮುತ್ತಿದ್ದವನಿಗೆ ಒಂದು ಕೂಗು ಕೇಳಿಸಿತು. ಕಣ್ಣು ಬಿಟ್ಟು ನೋಡಿದರೆ ನನ್ನ ಹೆಂಡತಿ. ಓಣಿಯ ಕಡೆಯಿಂದ ಓಡಿ ಬಂದವಳು ಜನರನ್ನು ತಳ್ಳಿಕೊಂಡು ಅದೇ ಹೊಗೆಯ ಬಾಗಿಲಿಗೆ ನುಗ್ಗುತ್ತಿದ್ದಳು. ಇಬ್ಬರು ಹೆಂಗಸರು ಅವಳ ಸೆರಗು ಜಗ್ಗಿ ಹಿಡಿದಿದ್ದರು. 'ನಮ್ಮೆಜಮಾನ್ರು ಒಳಗವ್ರೆ, ಬುಡ್ರೀ' ಅಂತ ಅರಚುತ್ತಿದ್ದಳು. ನಾನು ಅವಳ ಕಾಲ ಹತ್ತಿರವೇ ಬಿದ್ದಿದ್ದೆ. ಅವಳಿಗೆ ಕಾಣುತ್ತಿರಲಿಲ್ಲ.

ಸೀರೆಯ ಅಂಚು ಹಿಡಿದು ಎಳೆದೆ. ನೋಡಿದಳು. ಕುಸಿದು ಕೂತು ನನ್ನ ಬೆನ್ನಿಗೆ ದಬದಬ ಗುದ್ದಿದಳು. 'ಊರ್ಗೆಲ್ಲ ಶಕುನ ಯೋಳೋ ಹಲ್ಲಿ ತಾನೋಗಿ ಬಚ್ಚಲ್ಗೆ ಬಿತ್ತಂತೆ' ಅಂತ ಬೈದಳು, ಅತ್ತಳು, ಮತ್ತೆ ಗುದ್ದಿದಳು. ನಾನೂ ಅತ್ತೆ. ಕೊಳ್ಳೇಗಾಲದ ನಡುಬೀದಿಯಲ್ಲಿ, ಅಷ್ಟು ಜನರ ಮುಂದೆ, ನಾಚಿಕೆ ಅನ್ನುವುದು ನೆನಪಿಗೇ ಬರಲಿಲ್ಲ.

ಮೇಲಿನವರೆಲ್ಲ ಕ್ಷೇಮವಾಗಿ ಇಳಿದಿದ್ದರು. ಕರೆಂಟು ಹೋಗಿ ಹೊಗೆ ಕಂಡ ಕೂಡಲೇ ಕೆಲಸದ ಹೆಂಗಸರು ಎದ್ದು, ಯೋಚನೆ ಮಾಡದೆ, ತಮ್ಮ ಚಪ್ಪಲಿ ಇರುವ ಕಡೆಗೆ ಹೋದರಂತೆ. ಅವರು ಅತ್ತ ಹೋದದ್ದು ನೋಡಿ ಗಿರಾಕಿಗಳೂ ಹಿಂದೆಯೇ ಹೋದರು. ಮುಂದಕ್ಕೆ ತಿರುಗಿದ ಒಂದು ಕುಟುಂಬವನ್ನು ನನ್ನ ಹೆಂಡತಿಯೇ ತೋಳು ಹಿಡಿದು ತಿರುಗಿಸಿದಳಂತೆ. ಮಧ್ಯಾಹ್ನದ ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ ಗಿರಾಕಿಗಳು ಬರಿಗಾಲಲ್ಲಿ ಕುಣಿಯುತ್ತ ನಿಂತಿದ್ದರು. ಅಷ್ಟರಲ್ಲಿ ಯಾರೋ ಓಡಿ ಬಂದು, ನಿಮ್ಮ ಯಜಮಾನರು ಒಳಗೆ ಹೋದರು ಅಂದದ್ದೇ ತಡ, ಅವಳು ಎಲ್ಲ ಬಿಟ್ಟು ಓಡಿದ್ದಳು.

ಸುಟ್ಟದ್ದು ಸ್ಟೆಬಿಲೈಸರು, ಮುಂದಿನ ಮೆಟ್ಟಿಲ ಗೋಡೆ, ಒಂದಿಷ್ಟು ಸೀರೆ. ಸಾವ್ಕಾರರು ಈಗ ಮೀಟರನ್ನು ಹೊರಗಿನ ಗೋಡೆಗೆ ಹಾಕಿಸಿದ್ದಾರೆ. ಗಿರಾಕಿಗಳ ಚಪ್ಪಲಿಗೂ ಹಿಂದೆ ಮುಂದೆ ಎರಡೂ ಕಡೆ ಸ್ಟ್ಯಾಂಡು ಬಂದಿದೆ. ನಾನು ಬೋರ್ಡು ಒರೆಸುತ್ತೇನೆ, ಗುಂಡಿ ಒತ್ತುತ್ತೇನೆ. ನನ್ನ ಕೆಲಸ ಬಾಗಿಲಲ್ಲಿ ಮುಗಿಯಿತು ಅಂತ ಮೊದಲೆಲ್ಲ ಅಂದುಕೊಂಡಿದ್ದೆ. ಹೊರಗೆ ಬಂದವರು ಎಲ್ಲಿ ಸೇರಬೇಕು ಅಂತ ಗುರುತು ಮಾಡುವುದೂ ನಿಯಮದಲ್ಲೇ ಇದೆ, ಆದರೆ ಅದನ್ನು ನಾನು ಯಾರಿಗೂ ಒತ್ತಿ ಹೇಳಿರಲಿಲ್ಲ. ಈಗ ಮೂರೂ ಊರಿನಲ್ಲಿ ಅದನ್ನೇ ಮೊದಲು ಹೇಳುತ್ತೇನೆ. ಒಳಗಿರುವವರನ್ನು ಎಲ್ಲಿ ಹುಡುಕಬೇಕು ಅಂತ ಅವರ ಮನೆಯವರಿಗೆ ಗೊತ್ತಿರಬೇಕು. ಇಲ್ಲದಿದ್ದರೆ ಅವರು ಬೆಂಕಿಯಲ್ಲೇ ಹುಡುಕುತ್ತಾರೆ.

ಓಣಿ ತಿರುಗುವ ಕಡೆ ಒಂದು ಬೇವಿನ ಮರ ಇದೆ. ಅಂಗಡಿಯವರಿಗೆಲ್ಲ ಅದೇ ಜಾಗ ಗೊತ್ತು ಮಾಡಿದ್ದೇವೆ. ಅದನ್ನು ತೋರಿಸಲು ಕರೆದುಕೊಂಡು ಹೋದ ದಿನ ನನ್ನ ಹೆಂಡತಿ ಮರದ ಕೆಳಗೆ ನಿಂತು, ಕೈ ಚಾಚಿ, ಆಣೆ ಮಾಡಿ ಅಂದಳು.

'ಏನೇ ಆಗ್ಲಿ, ನಾನು ಬರಗಂಟ ನೀವು ಇಲ್ಲೇ ನಿಂತಿರ್ಬೇಕು. ಒಳೀಕೆ ನುಗ್ಗಕೂಡ್ದು.'

ಹೂಂ ಅಂತ ಅವಳ ಕೈ ಮೇಲೆ ಕೈ ಇಟ್ಟೆ. 'ನೀನೂ ಅಷ್ಟೇ ಕಣಮ್ಮಿ. ನಾನು ಒಳಗಿದ್ರೂವೆ,' ಅಂದೆ.

ಅವಳೂ ಹೂಂ ಅಂದಳು, ನನ್ನ ಮುಖ ನೋಡದೆ.